ದೇವರ ಪೀಠದ ಕೆಳಗಿನ ಚಾವಿ

ತೆಕ್ಕಟ್ಟೆಯ ಒಂದು ಮನೆಯಲ್ಲಿ ದೇವರ ಪೀಠದ ಕೆಳಗಿನ ಪೆಟ್ಟಿಗೆಯಲ್ಲಿ ಜಪಸರ, ಅರ್ಧ ಉರಿದ ಮೇಣದ ಬತ್ತಿ ಮತ್ತು ಗರಿಯ ಹಬ್ಬದ ಒಣಗಿದ ಗರಿಗಳ ಜೊತೆಗೆ ಒಂದು ಬೈಕಿನ ಚಾವಿಯೂ ಇತ್ತು. ಅದನ್ನು ಅಲ್ಲಿ ಇಟ್ಟವರು ಆ ಮನೆಯ ತಾಯಿ. ಬೈಕ್ ಇಪ್ಪತ್ತೆರಡು ವರ್ಷದ ಮಗನದ್ದು.

ಕಳೆದ ಮಳೆಗಾಲದಲ್ಲಿ, ಕುಂದಾಪುರದ ಕೆಲಸ ಮುಗಿಸಿ ಬರುವಾಗ, ಆತ ಹೆದ್ದಾರಿಯಲ್ಲಿ ಬಿದ್ದಿದ್ದ. ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬಂದ ಸ್ಕೂಟರನ್ನು ತಪ್ಪಿಸಲು ಬ್ರೇಕ್ ಹಾಕಿದ; ಒದ್ದೆ ರಸ್ತೆಯಲ್ಲಿ ಬೈಕ್ ಜಾರಿತು. ಕಾಲಿನ ಮೂಳೆ ಮುರಿಯಿತು, ಹೆಲ್ಮೆಟ್ ಬಿರುಕು ಬಿಟ್ಟಿತು, ತಲೆ ಉಳಿಯಿತು. ಅಲ್ಲಿದ್ದ ರಿಕ್ಷಾ ಚಾಲಕರೊಬ್ಬರು ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದರು. ನಾಲ್ಕು ತಿಂಗಳಲ್ಲಿ ಹುಡುಗ ಎದ್ದು ನಡೆದಾಡಿದ. ಆದರೆ ತಾಯಿಗೆ ತಗಲಿದ ಪೆಟ್ಟು ಗುಣವಾಗಲಿಲ್ಲ.

ಒಂದು ಭಾನುವಾರ ಬಲಿಪೂಜೆಯ ನಂತರ ಅವರು ನನ್ನ ಬಳಿ ಬಂದು ಕೇಳಿದರು: “ಫಾದರ್, ದಿನಾ ಜಪಸರ ಹೇಳುತ್ತೇನೆ. ಆದರೂ ರಾತ್ರಿ ಗೇಟಿನ ಸದ್ದು ಕೇಳುವ ತನಕ ನನ್ನ ಎದೆ ನಿಲ್ಲುವುದಿಲ್ಲ. ನನಗೆ ವಿಶ್ವಾಸ ಕಡಿಮೆಯೋ? ಚಾವಿ ಅಡಗಿಸಿಟ್ಟದ್ದು ತಪ್ಪೋ?”

ಎರಡು ಪ್ರಶ್ನೆಗಳು. ಅಂದು ನಾನು ಅವಸರದಲ್ಲಿ, “ದೇವರು ನೋಡಿಕೊಳ್ಳುತ್ತಾರಮ್ಮ, ಹೆದರಬೇಡಿ” ಎಂದು ಹೇಳಿ ಮುಂದಿನ ಧರ್ಮೋಪದೇಶ ತರಗತಿಗೆ ಓಡಿದೆ. ಸಂಜೆ ಕುಳಿತು ಯೋಚಿಸಿದಾಗ ನನಗೇ ನಾಚಿಕೆಯಾಯಿತು. ಉತ್ತರ ಕೇಳಿದವರಿಗೆ ನಾನು ಸಮಾಧಾನದ ಮಿಠಾಯಿ ಕೊಟ್ಟು ಕಳುಹಿಸಿದ್ದೆ. ಆ ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ಆ ಪ್ರಶ್ನೆಗಳನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಏಕೆಂದರೆ ನಮ್ಮಲ್ಲಿ ಬೈಕ್ ಇಲ್ಲದ ಮನೆ ಕಡಿಮೆ, ಗೇಟಿನ ಸದ್ದಿಗೆ ಕಾಯದ ತಾಯಿಯಂತೂ ಇಲ್ಲವೇ ಇಲ್ಲ.

ಭಯ ಅವಿಶ್ವಾಸವೇ?

ಮೊದಲನೆಯ ಪ್ರಶ್ನೆ. ಭಯಪಡುವುದು ಪಾಪವೇ? ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಮನುಷ್ಯನ ಭಾವನೆಗಳ ಕುರಿತು ಬರೆಯುವಾಗ ಭಯಕ್ಕೆ ದೀರ್ಘವಾದ ಜಾಗ ಕೊಟ್ಟಿದ್ದಾರೆ. ಅವರ ಪ್ರಕಾರ ಭಯದ ಬೇರು ಪ್ರೀತಿ. ಯಾವುದನ್ನು ಪ್ರೀತಿಸುತ್ತೇವೆಯೋ ಅದು ಕೈತಪ್ಪಬಹುದು ಎಂದಾಗ ಮಾತ್ರ ನಾವು ಹೆದರುತ್ತೇವೆ. ಬೇರೆಯವರ ಮನೆಯ ಹಳೆಯ ಮಡಕೆ ಒಡೆದೀತು ಎಂದು ಯಾರೂ ರಾತ್ರಿ ಎದ್ದು ಕೂರುವುದಿಲ್ಲ. ಆದ್ದರಿಂದ ತಾಯಿಯ ಭಯ ಅವಿಶ್ವಾಸದ ಗುರುತಲ್ಲ. ಅವಳಿಗೆ ಕಳೆದುಕೊಳ್ಳಲು ಏನೋ ಇದೆ ಎಂಬುದರ ಗುರುತು ಅದು.

ಶುಭಸಂದೇಶವೂ ಇದನ್ನೇ ತೋರಿಸುತ್ತದೆ. ಹನ್ನೆರಡು ವರ್ಷದ ಯೇಸು ಜೆರುಸಲೇಮಿನಲ್ಲಿ ಉಳಿದುಬಿಟ್ಟಾಗ ಮರಿಯಮ್ಮನವರೂ ಜೋಸೆಫರೂ ಮೂರು ದಿನಗಳ ನಂತರ ಅವರನ್ನು ಕಂಡರು. ಮಗ ಸಿಕ್ಕಿದಾಗ ತಾಯಿ ತಾವು ಎಷ್ಟು ಕಳವಳದಿಂದ ಹುಡುಕಿದೆವು ಎಂಬುದನ್ನು ಬಾಯಿಬಿಟ್ಟು ಹೇಳಿದ್ದನ್ನು ಸಂತ ಲೂಕರು ಮುಚ್ಚಿಡದೆ ಬರೆದಿದ್ದಾರೆ. ದೇವದೂತನ ಮಾತನ್ನು ಕೇಳಿದ್ದ ತಾಯಿಗೇ ಆ ಕಳವಳ ಇತ್ತು ಎಂದಮೇಲೆ ತೆಕ್ಕಟ್ಟೆಯ ತಾಯಿಗೆ ಇರುವುದು ಅವಮಾನವೇನಲ್ಲ. ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿಯೇ ನಡುಗಿದರು.

ಇದಲ್ಲದೆ ಈ ಭಯ ಬರಿಯ ಕಲ್ಪನೆಯೂ ಅಲ್ಲ. ಕೇಂದ್ರ ಸರ್ಕಾರದ ಸಾರಿಗೆ ಇಲಾಖೆಯ ಲೆಕ್ಕದಂತೆ 2022ನೇ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರೇ 50,000ಕ್ಕಿಂತ ಹೆಚ್ಚು. ನಮ್ಮ ಕರಾವಳಿಯ ಹೆದ್ದಾರಿ ಹಿಂದೆ 17 ಎಂಬ ಸಂಖ್ಯೆಯದಾಗಿತ್ತು, ಈಗ 66. ರಸ್ತೆ ಅಗಲವಾಯಿತು, ವಾಹನಗಳ ವೇಗ ಹೆಚ್ಚಿತು. ಆದರೆ ಹಾಲಿನ ಡೈರಿಗೆ ಹೋಗುವವರು, ಮೀನಿನ ಬುಟ್ಟಿ ತರುವವರು, ಶಾಲೆಗೆ ಹೋಗುವ ಮಕ್ಕಳು ಅದನ್ನು ದಾಟಲೇಬೇಕು. ಡಿವೈಡರಿನ ತೆರಪು ದೂರದಲ್ಲಿದೆ ಎಂದು ಅರ್ಧ ಕಿಲೋಮೀಟರ್ ತಪ್ಪು ದಿಕ್ಕಿನಲ್ಲಿ ಬರುವುದು ನಮ್ಮಲ್ಲಿ ಅನೇಕರಿಗೆ ಅಭ್ಯಾಸವಾಗಿದೆ. ಹೀಗಿರುವಾಗ ತಾಯಿಗೆ “ಹೆದರಬೇಡ” ಎಂದು ಹೇಳುವವನು ರಸ್ತೆಯನ್ನು ನೋಡಿಲ್ಲ ಎಂದೇ ಅರ್ಥ. ನಾನೂ ಅಂದು ನೋಡಿರಲಿಲ್ಲ.

“ದೇವರು ನನ್ನ ಮಗನನ್ನು ಉಳಿಸಿದರು”

ಮಗ ಎದ್ದು ನಡೆದಾಡಿದ ಮೇಲೆ ಆ ಕುಟುಂಬ ಅತ್ತೂರಿಗೆ ಹೋಗಿ ಸಂತ ಲಾರೆನ್ಸರ ಪುಣ್ಯಕ್ಷೇತ್ರದಲ್ಲಿ ಮೇಣದ ಬತ್ತಿ ಹಚ್ಚಿ ಬಂತು. ನೆರೆಮನೆಯ ಹಿಂದೂ ಅಮ್ಮ ಆ ಹುಡುಗನಿಗಾಗಿ ಕುಂಭಾಶಿಯ ಆನೆಗುಡ್ಡೆಯಲ್ಲಿ ಹರಕೆ ಹೇಳಿಕೊಂಡಿದ್ದರಂತೆ. ಅವರೂ ಅದನ್ನು ತೀರಿಸಿದರು. ಕೃತಜ್ಞತೆ ಒಳ್ಳೆಯದು. ಆದರೆ ಕೃತಜ್ಞತೆಯ ಮಾತಿನಲ್ಲಿ ಒಂದು ಮುಳ್ಳು ಅಡಗಿರುತ್ತದೆ. ಅದನ್ನು ನಾವು ಗುರುತಿಸಬೇಕು.

2016ರ ಜೂನ್ 21ರಂದು ಕುಂದಾಪುರದ ಉತ್ತರಕ್ಕೆ, ತ್ರಾಸಿಯ ಮೊವಾಡಿ ಬಳಿ, ಶಾಲೆಗೆ ಹೊರಟಿದ್ದ ಮಕ್ಕಳ ಓಮ್ನಿ ವಾಹನಕ್ಕೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ಸತ್ತರು. ಆ ದಿನವನ್ನು ನಮ್ಮ ಭಾಗದವರು ಮರೆತಿಲ್ಲ. ಆ ಮಕ್ಕಳ ತಂದೆತಾಯಂದಿರು ನಮ್ಮಷ್ಟು ಪ್ರಾರ್ಥಿಸಿರಲಿಲ್ಲವೇ? ಬೆಳಿಗ್ಗೆ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಕಳುಹಿಸಿದ ತಾಯಿ ಅವರಲ್ಲಿ ಇರಲಿಲ್ಲವೇ? “ನನ್ನ ಪ್ರಾರ್ಥನೆಯಿಂದ ನನ್ನ ಮಗ ಉಳಿದ” ಎಂದು ಗಟ್ಟಿಯಾಗಿ ಹೇಳುವಾಗ, ಮಗನನ್ನು ಕಳೆದುಕೊಂಡ ತಾಯಿಗೆ ಆ ಮಾತು ಹೇಗೆ ಕೇಳಿಸುತ್ತದೆ? “ನಿನ್ನ ಪ್ರಾರ್ಥನೆ ಸಾಲಲಿಲ್ಲ” ಎಂದೇ ಕೇಳಿಸುತ್ತದೆ.

ಯೇಸುಸ್ವಾಮಿಯ ಕಾಲದಲ್ಲೂ ಇಂಥದೊಂದು ದುರಂತ ನಡೆದಿತ್ತು. ಸಿಲೋವದ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಿದ್ದರು. ಸತ್ತವರು ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರಾಗಿದ್ದರು ಎಂಬ ಲೆಕ್ಕಾಚಾರವನ್ನು ಯೇಸು ಖಂಡಿತವಾಗಿ ತಳ್ಳಿಹಾಕಿದರು. ಅಪಘಾತ ದೇವರ ತಕ್ಕಡಿಯಲ್ಲ. ಒದ್ದೆ ರಸ್ತೆ, ಸವೆದ ಟೈರು, ಒಬ್ಬನ ಅವಸರ, ಇನ್ನೊಬ್ಬನ ಅಜಾಗರೂಕತೆ, ಇವುಗಳಿಂದ ಅಪಘಾತ ಆಗುತ್ತದೆ. ಸೃಷ್ಟಿಗೆ ತನ್ನದೇ ನಿಯಮಗಳನ್ನೂ ಮನುಷ್ಯನಿಗೆ ಸ್ವಾತಂತ್ರ್ಯವನ್ನೂ ಕೊಟ್ಟ ದೇವರು ಪ್ರತಿ ತಿರುವಿನಲ್ಲೂ ಅವುಗಳನ್ನು ಹಿಂದಕ್ಕೆ ಪಡೆಯುವುದಿಲ್ಲ. ಹಾಗಾದರೆ ದೇವರು ಎಲ್ಲಿದ್ದರು? ಸತ್ತವನ ಜೊತೆಗೂ ಇದ್ದರು, ಉಳಿದವನ ಜೊತೆಗೂ ಇದ್ದರು, ಎರಡೂ ಮನೆಯ ತಾಯಂದಿರ ಪಕ್ಕದಲ್ಲೂ ಇದ್ದರು. ಸ್ವಂತ ಪುತ್ರನನ್ನೇ ಶಿಲುಬೆಯ ಮೇಲೆ ಕಂಡ ದೇವರನ್ನು ನಂಬುವ ನಾವು ಇದಕ್ಕಿಂತ ಹೆಚ್ಚಿನದನ್ನು ಹೇಳಲಾರೆವು. ಇದಕ್ಕಿಂತ ಕಡಿಮೆಯದನ್ನೂ ಹೇಳಬಾರದು.

ಹಾಗಾಗಿ ಧನ್ಯವಾದ ಹೇಳೋಣ, ಹೋಲಿಕೆ ಮಾಡದಿರೋಣ. “ದೇವರೇ, ನನ್ನ ಮಗ ಇಂದು ಮನೆಯಲ್ಲಿದ್ದಾನೆ, ಅದಕ್ಕಾಗಿ ಸ್ತೋತ್ರ. ಯಾರ ಮಗ ಮನೆಗೆ ಬರಲಿಲ್ಲವೋ ಅವರನ್ನು ಕೈಬಿಡಬೇಡಿ” ಎಂದರೆ ಆ ಮುಳ್ಳು ಇರುವುದಿಲ್ಲ.

ತಂದೆಯ ಮೌನ

ಆ ಮನೆಯಲ್ಲಿ ತಾಯಿಯ ಭಯವನ್ನು ಎಲ್ಲರೂ ಕಂಡರು. ತಂದೆಯ ಸಂಕಟವನ್ನು ಯಾರೂ ಕಾಣಲಿಲ್ಲ. ನಾನು ಮನೆಗೆ ಹೋದ ದಿನ ಅವರು ಅಂಗಳದ ತುದಿಯ ತನಕ ನನ್ನನ್ನು ಕಳುಹಿಸಲು ಬಂದು, ತಗ್ಗಿದ ದನಿಯಲ್ಲಿ ಹೇಳಿದರು: “ಬೈಕ್ ತೆಗೆದು ಕೊಟ್ಟದ್ದು ನಾನೇ ಅಲ್ಲವಾ ಫಾದರ್. ಗಲ್ಫಿನಲ್ಲಿ ದುಡಿದ ದುಡ್ಡು. ನನ್ನ ಕೈಯಾರೆ ಕೊಟ್ಟೆ.”

ಎಷ್ಟೋ ತಂದೆಯಂದಿರು ಈ ಮಾತನ್ನು ಎದೆಯಲ್ಲೇ ಇಟ್ಟುಕೊಂಡು ಸವೆಯುತ್ತಾರೆ. ನೀತಿಶಾಸ್ತ್ರದಲ್ಲಿ ನಾವು ಕಾರಣವಾಗುವುದಕ್ಕೂ ತಪ್ಪಿತಸ್ಥನಾಗುವುದಕ್ಕೂ ವ್ಯತ್ಯಾಸ ಮಾಡುತ್ತೇವೆ. ಬೈಕ್ ಕೊಡಿಸದಿದ್ದರೆ ಅಪಘಾತ ಆಗುತ್ತಿರಲಿಲ್ಲ, ನಿಜ. ಆ ಲೆಕ್ಕದಲ್ಲಿ ಮಗನನ್ನು ಹುಟ್ಟಿಸದಿದ್ದರೂ ಆಗುತ್ತಿರಲಿಲ್ಲ. ತಪ್ಪು ಎನ್ನಬೇಕಾದರೆ ಅಲ್ಲಿ ಅರಿವು ಬೇಕು, ಬೇಕೆಂದೇ ಮಾಡಿದ ಉಪೇಕ್ಷೆ ಬೇಕು. ವಯಸ್ಸಿಗೆ ಬಂದ, ಲೈಸೆನ್ಸ್ ಇದ್ದ ಮಗ ಕೆಲಸಕ್ಕೆ ಹೋಗಲಿ ಎಂದು ತಂದೆ ವಾಹನ ಕೊಡಿಸಿದರೆ ಅದು ತಪ್ಪಲ್ಲ, ಅದು ಪ್ರೀತಿ. ಜೊತೆಗೆ ಒಳ್ಳೆಯ ಹೆಲ್ಮೆಟ್ಟನ್ನು ಕೊಡಿಸಿದ್ದೂ ಅದೇ ತಂದೆ. ಬಿರುಕು ಬಿಟ್ಟದ್ದು ಆ ಹೆಲ್ಮೆಟ್ಟೇ.

ಆದರೆ ಇದೇ ಮಾತನ್ನು ಎಲ್ಲ ತಂದೆಯಂದಿರಿಗೂ ಹೇಳಲು ನನಗೆ ಸಾಧ್ಯವಿಲ್ಲ. ಹದಿನಾರು ವರ್ಷದ ಹುಡುಗ ಹಠ ಮಾಡಿದ ಎಂದು, ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ಬಂತು ಎಂದು ಬೈಕಿನ ಚಾವಿ ಕೊಡುವವರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಅಲ್ಲಿ ಅರಿವೂ ಇದೆ, ಉಪೇಕ್ಷೆಯೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಂತೆ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದ ತನಕ ಸೆರೆವಾಸವೂ ಇದೆ. ಕಾಯಿದೆಗೆ ಮೊದಲೇ ಇದು ಐದನೆಯ ಆಜ್ಞೆಯ ವಿಷಯ. ಜೀವವನ್ನು ತೆಗೆಯಬಾರದು ಎಂಬ ಆಜ್ಞೆ ಜೀವವನ್ನು ಅಪಾಯಕ್ಕೆ ಒಡ್ಡಬಾರದು ಎಂಬುದನ್ನೂ ಒಳಗೊಂಡಿದೆ.

ಚಾವಿಯ ಪ್ರಶ್ನೆ

ಈಗ ತಾಯಿಯ ಎರಡನೆಯ ಪ್ರಶ್ನೆಗೆ ಬರೋಣ. ಚಾವಿ ಅಡಗಿಸಿಟ್ಟದ್ದು ಸರಿಯೇ?

ಹಳೆಯ ಗ್ರೀಕ್ ತತ್ವಜ್ಞಾನಿ ಎಪಿಕ್ಟೆಟಸ್ ಒಂದು ಕಠಿಣ ಉಪಾಯ ಹೇಳಿಕೊಟ್ಟ. ಮಗುವಿಗೆ ಮುತ್ತು ಕೊಡುವಾಗ, ಇದು ಸಾಯುವ ಜೀವ ಎಂದು ನಿನಗೆ ನೀನೇ ನೆನಪಿಸಿಕೋ, ಆಗ ಅದು ಸತ್ತರೂ ನೀನು ಕದಲುವುದಿಲ್ಲ ಎಂಬುದು ಅವನ ಬೋಧನೆಯ ಸಾರ. ಗುರುಮಠದಲ್ಲಿ ಇದನ್ನು ಓದಿದಾಗ ನನಗೆ ಬಹಳ ದೊಡ್ಡ ಮಾತು ಎನಿಸಿತ್ತು. ಹತ್ತಿಪ್ಪತ್ತು ವರ್ಷ ಮಣ್ಣಿನ ಕ್ರಿಯೆಗಳಲ್ಲಿ ನಿಂತ ಮೇಲೆ ಹಾಗೆ ಅನಿಸುವುದಿಲ್ಲ. ಕದಲದಿರುವುದೇ ಗುರಿಯಾದರೆ ಪ್ರೀತಿಸದಿರುವುದೇ ಸುಲಭದ ದಾರಿ. ಲಾಜರನ ಸಮಾಧಿಯ ಮುಂದೆ ಯೇಸು ಅತ್ತರು. ಕ್ರೈಸ್ತನಿಗೆ ಭಯವನ್ನು ಕೊಲ್ಲಲು ಪ್ರೀತಿಯನ್ನು ಕೊಲ್ಲುವ ಅನುಮತಿ ಇಲ್ಲ.

ಹಾಗೆಂದು ಭಯದ ಕೈಗೆ ಮನೆಯ ಆಡಳಿತ ಕೊಡುವ ಅನುಮತಿಯೂ ಇಲ್ಲ. ಸಂತ ಮೋನಿಕಳ ಕತೆ ನಮಗೆ ಗೊತ್ತು. 383ರಲ್ಲಿ ಮಗ ಅಗಸ್ಟೀನ ರೋಮಿಗೆ ಹೊರಟಾಗ ಆಕೆ ಕಡಲ ತೀರದ ತನಕ ಹಿಂಬಾಲಿಸಿ ಬಂದಳು. ಒಂದೋ ಮನೆಗೆ ಬಾ, ಇಲ್ಲವೇ ನನ್ನನ್ನೂ ಕರೆದುಕೊಂಡು ಹೋಗು ಎಂದು ಅವನನ್ನು ಬಿಗಿಯಾಗಿ ಹಿಡಿದುಕೊಂಡಳು. ಫಲವೇನಾಯಿತು? ಮಗ ಸುಳ್ಳು ಹೇಳಿದ. ಗೆಳೆಯನನ್ನು ಕಳುಹಿಸಲು ಬಂದಿದ್ದೇನೆ ಎಂದು ನಂಬಿಸಿ, ತಾಯಿ ಸಮೀಪದ ಗುಡಿಯಲ್ಲಿ ಪ್ರಾರ್ಥಿಸುತ್ತಿದ್ದಾಗ ರಾತ್ರೋರಾತ್ರಿ ಹಡಗು ಹತ್ತಿದ. ಇದನ್ನೆಲ್ಲ ನಂತರ ಪಶ್ಚಾತ್ತಾಪದಿಂದ ಬರೆದವನು ಆ ಮಗನೇ. ಬಿಗಿ ಹಿಡಿತ ಮಗನನ್ನು ಉಳಿಸಲಿಲ್ಲ, ಸುಳ್ಳು ಕಲಿಸಿತು. ಮೋನಿಕ ದೊಡ್ಡವಳಾದದ್ದು ಹಿಡಿದುಕೊಂಡದ್ದರಿಂದಲ್ಲ. ಹಡಗು ಹೋದ ಮೇಲೂ ಪ್ರಾರ್ಥನೆ ಬಿಡದೆ, ಕೊನೆಗೆ ಮಗ ಇದ್ದ ಮಿಲಾನಿಗೆ ಹುಡುಕಿಕೊಂಡು ಹೋದದ್ದರಿಂದ.

ತೆಕ್ಕಟ್ಟೆಯ ಮನೆಯಲ್ಲೂ ಇದೇ ನಡೆಯುತ್ತಿತ್ತು. ಚಾವಿ ಪೆಟ್ಟಿಗೆಯಲ್ಲಿತ್ತು, ಮಗ ಗೆಳೆಯನ ಬೈಕಿನಲ್ಲಿ ಹೋಗುತ್ತಿದ್ದ, ಅದೂ ಹಿಂದಿನ ಸೀಟಿನಲ್ಲಿ, ಹೆಲ್ಮೆಟ್ ಇಲ್ಲದೆ. ತಾಯಿಗೆ “ಬಸ್ಸಿನಲ್ಲಿ ಬಂದೆ” ಎನ್ನುತ್ತಿದ್ದ. ಇನ್ನೊಂದು ಮಾತನ್ನು ಅವನು ನನಗೆ ಹೇಳಿದ. ಅದನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. “ನಾನು ಬೈಕಿನಲ್ಲಿದ್ದಾಗ ಅಮ್ಮ ಫೋನ್ ಮಾಡುತ್ತಾರೆ ಫಾದರ್. ಎತ್ತದಿದ್ದರೆ ಹೆದರುತ್ತಾರೆ. ಅದಕ್ಕೆ ಎರಡನೇ ಸಲ ಫೋನ್ ಬರುವ ಮೊದಲು ಮನೆ ಮುಟ್ಟಬೇಕು ಎಂದು ಸ್ವಲ್ಪ ಜೋರಾಗಿಯೇ ಬರುತ್ತಿದ್ದೆ.”

ನೋಡಿದಿರಾ? ಮಗನನ್ನು ಕಾಯಬೇಕಾದ ಭಯವೇ ಮಗನ ವೇಗ ಹೆಚ್ಚಿಸಿತು. ಸಂತ ತೋಮಸರು ಇದನ್ನೂ ಗಮನಿಸಿದ್ದರು. ಮಿತವಾದ ಭಯ ಮನುಷ್ಯನನ್ನು ಯೋಚಿಸುವಂತೆ, ಎಚ್ಚರದಿಂದ ಕೆಲಸ ಮಾಡುವಂತೆ ಮಾಡುತ್ತದೆ. ಅತಿಯಾದ ಭಯ ಅವನ ಬುದ್ಧಿಯನ್ನು ಕದಡಿ ಕೆಲಸವನ್ನೇ ಕೆಡಿಸುತ್ತದೆ ಎಂಬುದು ಅವರ ಅಭಿಪ್ರಾಯ. ಮೊದಲನೆಯದನ್ನು ನಾವು ಜಾಗ್ರತೆ ಎನ್ನೋಣ. “ಮಗ ಕ್ಷೇಮವಾಗಿರಲು ಏನು ಮಾಡಬೇಕು?” ಎಂದು ಕೇಳುವುದು ಜಾಗ್ರತೆ. “ನನಗೆ ಈಗಿಂದೀಗಲೇ ಸಮಾಧಾನ ಸಿಗಲು ಏನು ಮಾಡಬೇಕು?” ಎಂದು ಕೇಳುವುದು ಅತಿಯಾದ ಭಯ. ಎರಡೂ ಪ್ರೀತಿಯಿಂದಲೇ ಹುಟ್ಟುತ್ತವೆ, ಆದರೆ ಮೊದಲನೆಯದರ ಕಣ್ಣು ಮಗನ ಮೇಲೆ, ಎರಡನೆಯದರ ಕಣ್ಣು ತನ್ನ ಮೇಲೆ. ಚಾವಿ ಅಡಗಿಸುವುದು, ಪದೇ ಪದೇ ಫೋನ್ ಮಾಡುವುದು ಎರಡನೆಯ ಬಗೆಯವು.

ಮಗನಿಗೂ ಒಂದು ಮಾತು

ಹಾಗಾದರೆ ತಪ್ಪೆಲ್ಲ ತಾಯಿಯದೋ? ಅಲ್ಲ. ಆ ಹುಡುಗ “ನನ್ನ ಜೀವ, ನನ್ನ ಬೈಕ್” ಎಂದಾಗ ನಾನು ಅವನನ್ನು ತಡೆದೆ. ಜೀವ ನಿನ್ನದು ಮಾತ್ರವಲ್ಲ. ನೀನು ಬಿದ್ದರೆ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆಯುವವರು ಯಾರು? ಸಾಲ ತೀರಿಸುವವರು ಯಾರು? ನಿನ್ನ ಬೈಕಿನ ಮುಂದೆ ಬರಬಹುದಾದ ಮಗು ಯಾರದು? ಸ್ವಾತಂತ್ರ್ಯ ಬೇಕೆನ್ನುವವನು ಅದರ ಲೆಕ್ಕ ಕೊಡಲೂ ಸಿದ್ಧನಿರಬೇಕು. ಹೆಲ್ಮೆಟ್ ಧರಿಸಿದರೆ ಅಪಘಾತದಲ್ಲಿ ಸಾವಿನ ಅಪಾಯ ನೂರಕ್ಕೆ ಸುಮಾರು 42 ರಷ್ಟೂ ತಲೆಗೆ ಪೆಟ್ಟಾಗುವ ಅಪಾಯ ಸುಮಾರು 69 ರಷ್ಟೂ ಕಡಿಮೆಯಾಗುತ್ತದೆ ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ನಮ್ಮ ರಾಜ್ಯದಲ್ಲಿ ಹಿಂದೆ ಕುಳಿತವರಿಗೂ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯವಾಯಿತು. ಗಲ್ಲದ ಪಟ್ಟಿ ಬಿಗಿಯದ ಹೆಲ್ಮೆಟ್ ಮೊದಲು ಹಾರುತ್ತದೆ, ಆಮೇಲೆ ತಲೆ ನೆಲಕ್ಕೆ ಬಡಿಯುತ್ತದೆ. ಆ ಪಟ್ಟಿಯನ್ನು ಬಿಗಿಯಲು ಬೇಕಾದ ನಾಲ್ಕು ಕ್ಷಣ ತಂದೆತಾಯಿಗೆ ಸಲ್ಲಿಸುವ ಗೌರವ. ನಾಲ್ಕನೆಯ ಆಜ್ಞೆಯನ್ನು ಪಾಲಿಸುವ ಒಂದು ಬಗೆ ಇದು ಎಂದರೆ ನಗಬೇಡಿ.

ಬೇರೆಯವರ ಮಗ

ಕೊನೆಯದಾಗಿ ಒಂದು ವಿಷಯ. ಭಯ ನಮ್ಮನ್ನು ಮನೆಯೊಳಗೆ ಸೇರಿಸಿ ಬಾಗಿಲು ಹಾಕುತ್ತದೆ: ನನ್ನ ಮಗ, ನನ್ನ ಮಗ. ಪ್ರೀತಿ ಆ ಬಾಗಿಲನ್ನು ತೆರೆಯಬೇಕು.

2016ರ ಫೆಬ್ರುವರಿ 16ರಂದು ನೆಲಮಂಗಲದ ಬಳಿ ಬೈಕಿನಲ್ಲಿ ಹೋಗುತ್ತಿದ್ದ ಹರೀಶ್ ನಂಜಪ್ಪ ಎಂಬ ತರುಣ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಗಿ ಬಿದ್ದ. ಆ ಸ್ಥಿತಿಯಲ್ಲೂ ತನ್ನ ಅಂಗಗಳನ್ನು ದಾನ ಮಾಡಿರಿ ಎಂದು ಸುತ್ತಲಿದ್ದವರನ್ನು ಕೇಳಿಕೊಂಡ. ಅವನ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡಲು ಅದೇ ವರ್ಷ ರಾಜ್ಯ ಸರ್ಕಾರ ಆರಂಭಿಸಿದ ಯೋಜನೆಗೆ ಅವನ ಹೆಸರನ್ನೇ ಇಡಲಾಯಿತು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನೂ ಕುಟುಂಬದವರು ದಾನ ಮಾಡಿದರು. ತಮ್ಮ ಮನೆಯ ದೀಪ ಆರಿದ ಹೊತ್ತಿನಲ್ಲಿ ಗುರುತಿಲ್ಲದವರ ಮನೆಯನ್ನು ನೆನೆದವರು ಇವರು.

ತೆಕ್ಕಟ್ಟೆಯ ಹುಡುಗನನ್ನು ಎತ್ತಿದ ರಿಕ್ಷಾ ಚಾಲಕರೂ ಅಂಥವರೇ. “ಪೊಲೀಸ್ ಕೇಸು ಯಾಕೆ ಬೇಕು” ಎಂದು ಅವರು ಮುಂದೆ ಹೋಗಬಹುದಿತ್ತು. ಹೀಗೆ ನೆರವಾದವರನ್ನು ಸಿವಿಲ್ ಇಲ್ಲವೇ ಕ್ರಿಮಿನಲ್ ಹೊಣೆಗೆ ಗುರಿಪಡಿಸಬಾರದು ಎಂದು ಕಾಯಿದೆಯೇ ಈಗ ರಕ್ಷಣೆ ಕೊಡುತ್ತದೆ. 2019ರ ತಿದ್ದುಪಡಿಯಲ್ಲಿ ಇದು ಸೇರಿದೆ. ಆ ರಕ್ಷಣೆ ಪಡೆದವರನ್ನು ಇಂಗ್ಲಿಷಿನ ಕಾನೂನು ಕರೆಯುವುದು ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ಬರುವ ಸಮಾರಿಯದವನ ಹೆಸರಿನಿಂದಲೇ. ತಾಯಿಗೆ ನಾನು ಕೇಳಿದೆ: “ನಿಮ್ಮ ಮಗನನ್ನು ಆ ಮನುಷ್ಯ ಎತ್ತಿದರು. ನೀವು ಯಾರ ಮಗನನ್ನು ಎತ್ತುವಿರಿ?” ಅವರು ಉತ್ತರಿಸಲಿಲ್ಲ. ಮುಂದಿನ ವಾರ ಆ ರಿಕ್ಷಾ ಚಾಲಕರ ಮನೆಗೆ ಗಂಡ ಹೆಂಡತಿ ಇಬ್ಬರೂ ಹೋಗಿ ಬಂದರು. ಸ್ಕೂಟರಿನಲ್ಲಿ ತಪ್ಪು ದಿಕ್ಕಿನಿಂದ ಡೈರಿಗೆ ಹೋಗುವ ತಮ್ಮ ಅಭ್ಯಾಸವನ್ನು ತಂದೆ ಬಿಟ್ಟರು. ಹೌದು, ಅವರಿಗೂ ಅದೇ ಅಭ್ಯಾಸವಿತ್ತು. ಮಗನನ್ನು ಬೀಳಿಸಿದ ತಪ್ಪನ್ನು ತಾನೂ ದಿನಾ ಮಾಡುತ್ತಿದ್ದೆ, ಯಾರದೋ ಮಗ ಎದುರಿನಿಂದ ಬರುತ್ತಿದ್ದ ಎಂಬುದು ಅವರಿಗೆ ಆಗ ಹೊಳೆಯಿತು.

ಚಾವಿ ಏನಾಯಿತು ಎಂದು ನೀವು ಕೇಳುವಿರಿ. ಮೂವರೂ ಕುಳಿತು ಮಾತಾಡಿದರು. ಹೊಸ ಹೆಲ್ಮೆಟ್ ಬಂತು, ಟೈರು ಬದಲಾಯಿತು. ಜೋರು ಮಳೆ ಇದ್ದರೆ ಬಸ್ಸು. ಕುಂದಾಪುರದಿಂದ ಹೊರಡುವಾಗ ಒಂದು ಫೋನ್ ಮಗ ಮಾಡಬೇಕು. ನಡುವೆ ತಾಯಿ ಮಾಡಬಾರದು. ನಂತರ ತಾಯಿಯೇ ಪೆಟ್ಟಿಗೆ ತೆರೆದು ಚಾವಿ ತೆಗೆದುಕೊಟ್ಟರು. ಕೊಡುವಾಗ ಕೈ ನಡುಗಿತು ಎಂದು ಅವರೇ ಹೇಳಿದರು.

ಈಗಲೂ ಗೇಟಿನ ಸದ್ದು ಕೇಳುವ ತನಕ ಅವರಿಗೆ ನಿದ್ದೆ ಬರುವುದಿಲ್ಲ. ಆ ಹೊತ್ತಿನಲ್ಲಿ ಜಪಸರದ ಒಂದು ದಶಕವನ್ನು ಮಗನಿಗಾಗಿ ಹೇಳುತ್ತಾರೆ, ಇನ್ನೊಂದನ್ನು ಆ ಹೊತ್ತಿಗೆ ಹೆದ್ದಾರಿಯಲ್ಲಿರುವ ಎಲ್ಲರ ಮಕ್ಕಳಿಗಾಗಿ. ಭಯ ಹೋಗಿಲ್ಲ. ಹೋಗಬೇಕು ಎಂದು ನಾನೂ ಈಗ ಹೇಳುವುದಿಲ್ಲ. ಇಂದು ರಾತ್ರಿ ನಿಮ್ಮ ಮನೆಯಲ್ಲೂ ಪ್ರಾರ್ಥನೆಗೆ ಕುಳಿತಾಗ ಆ ಎರಡನೆಯ ದಶಕವನ್ನು ಸೇರಿಸಿಕೊಳ್ಳಿ. ನಾಳೆ ಬೆಳಿಗ್ಗೆ ಮಗನೋ ಮಗಳೋ ಹೊರಡುವಾಗ ಹಣೆಗೆ ಶಿಲುಬೆಯ ಗುರುತು ಹಾಕಿ, ಗಲ್ಲದ ಪಟ್ಟಿ ಬಿಗಿಯಾಗಿದೆಯೇ ಎಂದು ಕೈಮುಟ್ಟಿ ನೋಡಿ ಕಳುಹಿಸಿಕೊಡಿ.